ಕಲ್ಲುಹಕ್ಕಿಯ ಉಸಿರು

ಫೆಬ್ರವರಿ 3, ಸೋಮವಾರ

ಪ್ರಚಾರ ವಿಭಾಗದ ಹುಡುಗಿ ಬೆಳಿಗ್ಗೆಯೇ ನನ್ನ ಕೋಣೆಗೆ ಬಂದು ನಿಂತಳು. ಹತ್ತೊಂಬತ್ತನೆಯ ಕಂತು ಜನರಿಗೆ ವಿಪರೀತ ಹಿಡಿಸಿಬಿಟ್ಟಿದೆಯಂತೆ. ಅದರ ತೆರೆಮರೆಯ ಸ್ವಾರಸ್ಯಗಳನ್ನು ಒಂದು ಪುಟ ಮಾಡಿ ಹಾಕಬೇಕಂತೆ. ಹನ್ನೆರಡು ಸಂಗತಿ ಬೇಕು, ಅದರಲ್ಲಿ ಸದ್ದಿನ ಬಗ್ಗೆ ನಾಲ್ಕೈದು ನೀವು ಕೊಡಿ ಎಂದಳು.

"ನಿಮಗೆ ಚಿಕ್ಕದು ಅನ್ಸಿದ್ದೇ ಜನಕ್ಕೆ ದೊಡ್ಡದು ಸರ್. ನೆನಪಾದಾಗ ಬರೆದಿಡಿ" ಎಂದು ಈ ನೋಟ್‌ಬುಕ್ಕನ್ನೂ ಕೈಗಿತ್ತು ಹೋದಳು. ಬರೆಯದಿದ್ದರೆ ನಾಳೆ ಇನ್ನೊಂದು ತಂದುಕೊಡುವ ಜಾತಿಯವಳು. ಬರೆಯುತ್ತೇನೆ.

ನಮ್ಮದು ಚಿತ್ರ ಬರೆದು ಕುಣಿಸುವ ಸರಣಿ. ಬರೆದ ಚಿತ್ರಕ್ಕೆ ತನ್ನದೇ ಆದ ಸದ್ದಿರುವುದಿಲ್ಲ. ರಾಣಿ ನಡೆದರೆ ಅವಳ ಹೆಜ್ಜೆಯನ್ನು ನಾನು ನಡೆಯಬೇಕು, ರಾಕ್ಷಸ ಎಲುಬು ಕಡಿದರೆ ನಾನು ಮೂಲಂಗಿ ಮುರಿಯಬೇಕು. ಇಪ್ಪತ್ತೊಂದು ವರ್ಷದಿಂದ ಇದೇ ಹೊಟ್ಟೆಪಾಡು.

ಮಂಜಿನ ಮೇಲಿನ ಹೆಜ್ಜೆ: ಜೋಳದ ಹಿಟ್ಟು ತುಂಬಿದ ಬಟ್ಟೆಯ ಚೀಲ, ಹೆಬ್ಬೆರಳಿನಿಂದ ಅದುಮಿದ್ದು.

ಕಲ್ಲುಹಕ್ಕಿಯ ರೆಕ್ಕೆ: ಎರಡು ಹಳೆಯ ಕೊಡೆ, ಒಂದು ಟಾರ್ಪಾಲು. ಕೊಡೆಯ ಕಡ್ಡಿ ಕೆನ್ನೆಗೆ ಬಡಿದು ನಾನು ಬೈದದ್ದೂ ರೆಕಾರ್ಡ್ ಆಗಿಬಿಟ್ಟಿತ್ತು. ಬೆಕ್ಕಪ್ಪ ಆ ಬೈಗುಳವನ್ನು ತಿರುವುಮುರುವು ಮಾಡಿ ಗುಹೆಯ ಭೂತದ ಗೊಣಗಾಟಕ್ಕೆ ಬಳಸಿಕೊಂಡ. (ಏನು ಬೈದೆ ಎಂಬುದನ್ನು ಪುಟದಲ್ಲಿ ಹಾಕುವುದು ಬೇಡ.)

ಬೆಕ್ಕಪ್ಪ ಎಂದರೆ ನಮ್ಮ ಮಿಕ್ಸಿಂಗಿನವನು. ಮಾತು, ಸಂಗೀತ, ನನ್ನ ಸದ್ದು ಮೂರನ್ನೂ ಹದವಾಗಿ ಬೆರೆಸುವವನು. ಹತ್ತಿರ ಬಂದು ನಿಂತರೂ ಕಾಲಿನ ಸಪ್ಪಳ ಕೇಳುವುದಿಲ್ಲವೆಂದು ಆ ಹೆಸರಿಟ್ಟವನು ನಾನೇ. ನನ್ನನ್ನು ಅಣ್ಣ ಎನ್ನುತ್ತಾನೆ. ಹತ್ತೊಂಬತ್ತು ವರ್ಷ ಒಂದೇ ಗೋಡೆಯ ಆ ಕಡೆ ಅವನು, ಈ ಕಡೆ ನಾನು.

ಎಲ್ಲಕ್ಕಿಂತ ಮುಖ್ಯ, ಕಲ್ಲುಹಕ್ಕಿಯ ಕೊನೆಯ ಉಸಿರು. ಒಂದಿಡೀ ಊರನ್ನು ಬೆನ್ನ ಮೇಲೆ ಹೊತ್ತು ಹಾರುತ್ತಿದ್ದ ಮುದಿ ಹಕ್ಕಿ ಬೆಟ್ಟದ ಬುಡದಲ್ಲಿ ಇಳಿದು ಸಾಯುತ್ತದೆ. ಒಂದು ನಿಮಿಷ ಹತ್ತು ಸೆಕೆಂಡು ಸಂಗೀತವಿಲ್ಲ, ಮಾತಿಲ್ಲ. ಕಥೆಯ ಹುಡುಗಿ ಅದರ ಕುತ್ತಿಗೆಗೆ ಕಿವಿಯಿಟ್ಟು ಕೇಳುವ ಉಸಿರು ಮಾತ್ರ. ಜನ ಅಳುತ್ತಿರುವುದು ಅಲ್ಲೇ. ಅದನ್ನು ಗಾಳಿಹಾಸಿಗೆಯ ಕಾಲುಪಂಪಿಗೆ ಒದ್ದೆ ಚರ್ಮದ ಚೀಲ ಕಟ್ಟಿ ಮಾಡಿದೆ. ಆರು ದಿನ ಹಿಡಿಯಿತು. ಮೊದಲೇ ನೋವಿದ್ದ ಎಡಮೊಣಕಾಲು ಇನ್ನೂ ಸರಿಹೋಗಿಲ್ಲ.

ಮನೆಯಲ್ಲಿ ವಿಶೇಷವೇನಿಲ್ಲ. ಮಗಳು ಕನ್ನಡಕದ ಅಂಗಡಿಯ ಕೆಲಸದಿಂದ ಬಂದು ಊಟ ಮಾಡಿದಳಂತೆ. ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದಳು.

ಫೆಬ್ರವರಿ 6, ಗುರುವಾರ

ಸ್ವಾರಸ್ಯ ಹುಡುಕಲೆಂದು ಕಂತನ್ನು ಇನ್ನೂ ಮೂರು ಸಲ ನೋಡಿದೆ. ಸಿಕ್ಕಿದ್ದು: ಹುಡುಗಿಯ ಜೋಳಿಗೆ ಒಂದು ಚಿತ್ರದಲ್ಲಿ ಎಡಹೆಗಲಲ್ಲಿದೆ, ಮುಂದಿನದರಲ್ಲಿ ಬಲಕ್ಕೆ ಹಾರಿದೆ. ಕಲ್ಲುಹಕ್ಕಿಗೆ ಉದ್ದಕ್ಕೂ ಮೂರು ಬೆರಳು, ಸಾಯುವಾಗ ನಾಲ್ಕು. ಚಿತ್ರ ಬರೆಯುವವರಿಗೆ ಹೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಊಟದ ಹೊತ್ತಿಗೆ ಬೆಕ್ಕಪ್ಪ ಬಂದು ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ.

"ಅಣ್ಣ, ಕೊನೇ ದೃಶ್ಯ ಮತ್ತೆ ಕೇಳಿದ್ರಾ?"

"ಕೇಳ್ದೆ ಮಾರಾಯ. ಒಟ್ಟು ಏಳು ಸಲ ಆಯ್ತು."

"ಏನನ್ನಿಸ್ತು?"

"ಪಂಪು ಕೈಕೊಟ್ಟಿಲ್ಲ" ಎಂದೆ.

ಅವನು ನಗಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಹೋದ. ಇತ್ತೀಚೆಗೆ ಅವನು ಒಂಥರಾ ಆಗಿದ್ದಾನೆ. ವಯಸ್ಸಿರಬೇಕು.

ಹನ್ನೊಂದು ತಿಂಗಳಾಯಿತಲ್ಲ, ಅಮ್ಮನ ಕೋಣೆಯ ಮಂಚವನ್ನು ಯಾರಿಗಾದರೂ ಕೊಟ್ಟುಬಿಡೋಣವೇ ಎಂದು ಮಗಳಿಗೆ ಚೀಟಿಯಲ್ಲಿ ಕೇಳಿದ್ದೆ. ಉತ್ತರ ಬರೆದಿಲ್ಲ. ಚೀಟಿಯೂ ಇಲ್ಲ.

ಫೆಬ್ರವರಿ 11, ಮಂಗಳವಾರ

ಹುಡುಗಿ ಪಟ್ಟಿಯನ್ನು ಅಚ್ಚು ಮಾಡಿ ತಂದಿದ್ದಳು, ತಪ್ಪಿದ್ದರೆ ತಿದ್ದಿಕೊಡಿ ಎಂದು. ಒಂದರಿಂದ ನಾಲ್ಕು ಸರಿಯಿತ್ತು. ಐದನೆಯದು ಹೀಗಿದೆ:

"ಕಲ್ಲುಹಕ್ಕಿಯ ಕೊನೆಯ ಉಸಿರನ್ನು ಮೊದಲು ಕಾಲುಪಂಪಿನಿಂದ ಮಾಡಲಾಗಿತ್ತು. ಆದರೆ ಕಂತಿನಲ್ಲಿ ನೀವು ಕೇಳುವುದು ಅದಲ್ಲ. ಅದು ಶ್ವಾಸಕೋಶದ ಕಾಯಿಲೆಯಿಂದ ನರಳುತ್ತಿದ್ದ ಒಬ್ಬ ಮಹಿಳೆಯ ನಿಜವಾದ ಉಸಿರು."

"ಇದ್ಯಾರಮ್ಮ ಹೇಳಿದ್ದು?"

"ಮಿಕ್ಸಿಂಗ್ ಸರ್ ಬರೆದುಕೊಟ್ರು. ನಿಮಗೆ ಗೊತ್ತಿರುತ್ತೆ ಅಂದ್ರು. ಗೊತ್ತಿಲ್ವಾ?"

"ಗೊತ್ತು ಗೊತ್ತು" ಎಂದೆ. ಇಷ್ಟು ವಯಸ್ಸಾದ ಮೇಲೆ ಆ ಮಗುವಿನ ಮುಂದೆ ಸುಳ್ಳು ಹೇಳಿದೆ.

ನನ್ನ ಆರು ದಿನದ ಕೆಲಸವನ್ನು ಕಿತ್ತೆಸೆದು, ಎಲ್ಲಿಂದಲೋ ಯಾರದೋ ಉಸಿರು ತಂದು ತುರುಕಿದ್ದಾನೆ. ಒಂದು ಮಾತು ಕೇಳಿಲ್ಲ. ಮೇಲಾಗಿ ಮತ್ತೆ ಕೇಳಿದ್ರಾ ಎಂದು ನನ್ನನ್ನೇ ವಿಚಾರಿಸುತ್ತಾನೆ! ಎಲ್ಲರೂ ನನ್ನ ಕೈಕುಲುಕಿ ಹೊಗಳುವಾಗ ಗೋಡೆಯಾಚೆ ಕೂತು ನಗುತ್ತಿದ್ದನೇನೋ. ಹತ್ತೊಂಬತ್ತು ವರ್ಷ ಇವನಿಗೆ ನನ್ನ ಡಬ್ಬಿಯಿಂದ ತುತ್ತು ಕೊಟ್ಟಿದ್ದೇನೆ. ಥೂ.

ಇನ್ನೊಂದು ಯೋಚನೆಯೂ ಕೊರೆಯುತ್ತಿದೆ. ಅದು ನನ್ನ ಪಂಪಲ್ಲ ಎಂದು ನನಗೇಕೆ ತಿಳಿಯಲಿಲ್ಲ? ಮಿಕ್ಸಿಂಗಿನಲ್ಲಿ ದನಿ ಬದಲಾಗುತ್ತದೆ, ಹಾಗಾಗಿ ಇರಬೇಕು.

ಫೆಬ್ರವರಿ 12, ಬುಧವಾರ

ಬೆಕ್ಕಪ್ಪ ಊಟಕ್ಕೆ ಹೊರಟಮೇಲೆ ಅವನ ಕೋಣೆಗೆ ಹೋದೆ. ಕಂಪ್ಯೂಟರಿನಲ್ಲಿ ಹತ್ತೊಂಬತ್ತನೆಯ ಕಂತನ್ನು ತೆರೆದೆ. ಕೊನೆಯ ದೃಶ್ಯದಲ್ಲಿ ನನ್ನ ಪಂಪು ಇದೆ, ಬಾಯಿ ಮುಚ್ಚಿಸಿ ಇಟ್ಟಿದ್ದಾನೆ. ಅದರ ಮೇಲೆ ಇನ್ನೊಂದು ತುಣುಕು. ಅದಕ್ಕೆ ಕೊಟ್ಟ ಹೆಸರು: "ಅತ್ತಿಗೆ, ಮಧ್ಯಾಹ್ನ". ದಿನಾಂಕ ಹೋದ ವರ್ಷದ ಫೆಬ್ರವರಿ 19.

ಬೆಕ್ಕಪ್ಪ ಅತ್ತಿಗೆ ಎಂದು ಕರೆಯುತ್ತಿದ್ದುದು ಒಬ್ಬಳನ್ನೇ.

ಹೆಡ್‌ಫೋನ್ ಹಾಕಿಕೊಂಡೆ. ಅವಳೇ. ಉಸಿರು ಒಳಗೆ ಹೋಗುವಾಗ ನಡುವೆ ಒಂದು ಕಡೆ ಸಣ್ಣಗೆ ಎಡವುತ್ತದೆ, ಮೆಟ್ಟಿಲು ತಪ್ಪಿದ ಹಾಗೆ. ಆಮೇಲೆ ಬಿಡುವಾಗ ಕೊನೆಯಲ್ಲಿ ಚಿಕ್ಕದೊಂದು "ಹ್ಞಾ". ಪಾತ್ರೆ ಇಳಿಸುವಾಗಲೂ, ಮಂಚದಿಂದ ಏಳುವಾಗಲೂ, ಕಾಯಿಲೆಗೆ ಮುಂಚಿನಿಂದಲೂ ಅವಳು ಹಾಗೆಯೇ. ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೇಳಿದ್ದು.

ಏಳು ಸಲ ಕೇಳಿದ್ದೆ. ಪಂಪು ಕೈಕೊಟ್ಟಿಲ್ಲ ಎಂದಿದ್ದೆ.

ಫೆಬ್ರವರಿ 13, ಗುರುವಾರ

ಕೆಲಸಕ್ಕೆ ಹೋಗಲಿಲ್ಲ.

ಫೆಬ್ರವರಿ 14, ಶುಕ್ರವಾರ

ಹೋದೆ. ಅವನು ನನಗಾಗಿಯೇ ಕಾಯುತ್ತಿದ್ದವನಂತೆ ಕುರ್ಚಿಯಿಂದ ಎದ್ದು ನಿಂತ. ಬಾಗಿಲು ಹಾಕಿದೆ. ಆ ಕೋಣೆಯಲ್ಲಿ ಎಷ್ಟು ಕೂಗಿದರೂ ಹೊರಗೆ ಕೇಳದು. ಕೂಗಿದೆ.

"ನನ್ನ ಹೆಂಡ್ತಿ ಸಾಯ್ತಾ ಇರೋದನ್ನ ಟೀವಿಗೆ ಹಾಕಿದ್ಯಲ್ಲೋ!"

"ಅತ್ತಿಗೆನೇ ಹೇಳಿದ್ದು ಅಣ್ಣ."

"ಸುಳ್ಳು!"

"ಸುಳ್ಳು ಹೇಳಿ ನನಗೇನು ಆಗ್ಬೇಕಿದೆ? ಫೋನ್ ಮಾಡಿ ಅವರೇ ಕರೆದಿದ್ದು. ಮೈಕು ತಗೊಂಡು ಬಾ ಅಂದ್ರು. ಎಲ್ಲಾದ್ರೂ ಒಂದು ಕಡೆ ಇದನ್ನ ಸೇರಿಸು ಅಂದ್ರು. ಯಾಕೆ ಅತ್ತಿಗೆ ಅಂದೆ. ಅವರು..."

"ಏನಂದ್ಲು? ಹೇಳು."

"'ನಿಮ್ಮಣ್ಣ ಮನೇಲಿ ಕೇಳಿಸ್ಕೊಳ್ಳಲ್ಲ, ಸ್ಟುಡಿಯೋದಲ್ಲಿ ಕೇಳಿಸ್ಕೊಳ್ತಾರೆ' ಅಂದ್ರು. ನಗ್ತಾನೇ ಅಂದ್ರು ಅಣ್ಣ."

ನನ್ನ ಪಂಪನ್ನು ಯಾಕೆ ತೆಗೆದೆ ಎಂದು ಕೇಳಿದೆ.

ನಾಲ್ಕು ತಿಂಗಳ ಹಿಂದೆ ಕಂತು ಸಿದ್ಧವಾಗುವಾಗ ನಿರ್ದೇಶಕಿಗೆ ನನ್ನ ಪಂಪು ಒಪ್ಪಿಗೆಯಾಗಿರಲಿಲ್ಲವಂತೆ. ನನ್ನ ಮನೆಯ ಪರಿಸ್ಥಿತಿ ನೋಡಿ ಹೇಳಲು ಹಿಂದೆಮುಂದೆ ನೋಡಿದರಂತೆ. ಆಗ ಇವನು ಯಾರದ್ದೆಂದು ಹೇಳದೆ ಇದನ್ನು ಹಾಕಿದ. ಅಣ್ಣ ಮೊದಲ ಸಲ ಕೇಳಿದಾಗಲೇ ಕಂಡುಹಿಡಿಯುತ್ತಾರೆ, ಬಂದು ಕಪಾಳಕ್ಕೆ ಹೊಡೆಯುತ್ತಾರೆ ಎಂದುಕೊಂಡಿದ್ದನಂತೆ. ನಾನು ಬಂದು ಚಹಾ ಕುಡಿದು ಹೋದೆನಂತೆ.

"ಕಾದೆ ಅಣ್ಣ. ಕಾದು ಕಾದು ಸಾಕಾಗಿ ಆ ಹುಡುಗಿಗೆ ಬರೆದುಕೊಟ್ಟೆ."

"ನನ್ನ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ, ಅಲ್ವಾ? ಮೊನ್ನೆ ಮೊನ್ನೆ ಕೆಲಸಕ್ಕೆ ಬಂದ ಮಗು ಕೈಲಿ ಹೇಳಿಸ್ದೆ."

ಬಾಗಿಲು ತೆಗೆದು ಹೊರಬಂದೆ.

ಬರುವಾಗ ಒಂದು ಮಾತು ಹೊಳೆಯಿತು. ನನಗೆ ಹೇಳದ್ದನ್ನು ಅವಳು ಇವನಿಗೆ ಹೇಳಿದ್ದಾಳೆ. ಇವನು ಎರಡನೆಯವನು. ಮೊದಲು ನನ್ನ ಕೈಬಿಟ್ಟವಳು ಅವಳೇ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ಯಾರ ಮುಂದೆ ಆಡುವುದು?

ಫೆಬ್ರವರಿ 16, ಭಾನುವಾರ

ಮಗಳು ಬಟ್ಟೆ ಒಣಹಾಕುತ್ತಿದ್ದಳು. ಹೋಗಿ ಕೇಳಿದೆ. "ನಿನಗೂ ಗೊತ್ತಿತ್ತಾ?"

ಏನು, ಯಾವುದು ಎನ್ನಲಿಲ್ಲ. "ಗೊತ್ತಿತ್ತು. ಅವತ್ತು ನಾನು ಮನೇಲೇ ಇದ್ದೆ. ಮೈಕು ಹಿಡ್ಕೊಂಡಿದ್ದು ನಾನೇ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳಿದ್ರಾ ಅಪ್ಪ? ಹನ್ನೊಂದು ತಿಂಗಳಲ್ಲಿ ಅಮ್ಮನ ಬಗ್ಗೆ ನೀವು ಕೇಳಿದ ಒಂದೇ ಪ್ರಶ್ನೆ, ಮಂಚ ಯಾರಿಗೆ ಕೊಡೋಣ ಅಂತ. ಅದೂ ಚೀಟೀಲಿ."

ಕೈಯಲ್ಲಿದ್ದ ಒದ್ದೆ ಟವೆಲನ್ನು ಅವಳು ಕೊಡವಿದ ಸದ್ದು ಇನ್ನೂ ಕಿವಿಯಲ್ಲಿದೆ.

ನಾನು ಹೇಳಬೇಕಾದ್ದನ್ನು ಹೇಳಿದೆ. ಆಗ ಕಂತುಗಳು ಬೆನ್ನಿಗೆ ಬಿದ್ದಿದ್ದವು, ರಜೆ ಸಿಗುತ್ತಿರಲಿಲ್ಲ, ನಾನು ಕೆಲಸ ಬಿಟ್ಟು ಕೂತರೆ ಔಷಧಿಗೆ ಏನು ಗತಿ ಎಂದೆಲ್ಲ. ಎಲ್ಲವೂ ನಿಜ. ಹೇಳುತ್ತಾ ಹೋದಂತೆ ನನಗೇ ಬೇಸರ ಬಂತು.

"ನಿಮಗೆ ಆ ಉಸಿರಿನ ಸದ್ದು ಆಗ್ತಿರ್ಲಿಲ್ಲ" ಎಂದಳು. ಜಗಳದ ದನಿಯಲ್ಲಲ್ಲ. "ಅಮ್ಮನಿಗೂ ಗೊತ್ತಿತ್ತು. ಅವಳು ಬೈತಿರ್ಲಿಲ್ಲ ಅಪ್ಪ, ನಾನು ಬೈಕೊಳ್ತಿದ್ದೆ."

ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತೆವು. ಅವಳು ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳುವುದಿಲ್ಲ. ಯಾವಾಗಿನಿಂದಲೋ.

ಫೆಬ್ರವರಿ 18, ಮಂಗಳವಾರ

ನಿರ್ದೇಶಕಿಗೆ ವಿಷಯ ತಲುಪಿದೆ. ಬೆಕ್ಕಪ್ಪನೇ ಹೋಗಿ ಹೇಳಿದ್ದಾನೆ. ಆಕೆ ನನ್ನ ಕೋಣೆಗೇ ಬಂದು, ಸ್ಟೂಲಿನ ಮೇಲೆ ಕುದುರೆ ಗೊರಸಿನ ಸದ್ದಿಗೆಂದು ಇಟ್ಟಿದ್ದ ತೆಂಗಿನ ಚಿಪ್ಪುಗಳನ್ನು ತೆಗೆದಿಟ್ಟು ಕೂತರು.

"ನಿಜವಾಗ್ಲೂ ನನಗೆ ಗೊತ್ತಿರ್ಲಿಲ್ಲ ಸರ್. ಗೊತ್ತಿದ್ರೆ ನಿಮ್ಮನ್ನ ಕೇಳ್ದೆ ಒಂದು ಹೆಜ್ಜೆ ಇಡ್ತಿರ್ಲಿಲ್ಲ. ಹೊರದೇಶಗಳಿಗೆ ಕಂತು ಹೋಗೋಕೆ ಇನ್ನೂ ಹತ್ತು ದಿನ ಇದೆ. ನೀವು ಹ್ಞೂಂ ಅನ್ನಿ, ಎಲ್ಲಾ ಕಡೆಯಿಂದಲೂ ತೆಗೆಸ್ತೀನಿ. ಆದ್ರೆ ಆ ಜಾಗಕ್ಕೆ ಬೇರೆ ಉಸಿರು ಬೇಕು."

"ನಾನೇ ಮಾಡ್ತೀನಿ" ಎಂದೆ.

ನನ್ನ ಹೆಂಡತಿ ಊರವರ ಸ್ವಾರಸ್ಯವಲ್ಲ. ಐದನೆಯ ಸಂಗತಿಯೂ ಅಲ್ಲ.

ಫೆಬ್ರವರಿ 21, ಶುಕ್ರವಾರ

ಮೂರು ದಿನ. ಪಂಪು, ಚರ್ಮದ ಚೀಲ, ಬಿಸಿನೀರಿನ ರಬ್ಬರ್ ಚೀಲ, ಹತ್ತಿ ಸುತ್ತಿದ ಕೊಳವೆ. ನಲವತ್ತೊಂದು ಟೇಕು. ನಲವತ್ತೊಂದನೆಯದು ಕೈಗೆ ಬಂತು. ನಡುವಿನಲ್ಲಿ ಎಡವುವುದೂ ಇದೆ, ಕೊನೆಯ "ಹ್ಞಾ" ಕೂಡ ಇದೆ. ಬೆರಳಿನಿಂದ ಕೊಳವೆಯ ಬಾಯಿ ಅರ್ಧ ಮುಚ್ಚಿದರೆ ಬರುತ್ತದೆ. ನನ್ನ ಜೀವಮಾನದ ಅತ್ಯುತ್ತಮ ಕೆಲಸ, ಬೇರೆ ಯಾರೂ ಹೇಳಬೇಕಾಗಿಲ್ಲ.

ನಿರ್ದೇಶಕಿ ಕಣ್ಣು ಮುಚ್ಚಿ ಕೇಳಿದರು. ಎರಡು ಸಲ ಕೇಳಿದರು.

"ತುಂಬಾ ಚೆನ್ನಾಗಿದೆ ಸರ್."

"ಆದ್ರೆ?"

"ಬೇಜಾರಾಗ್ಬೇಡಿ. ಈ ಹಕ್ಕಿ ಸಾಯ್ತಿಲ್ಲ, ಕೆಲಸ ಮಾಡ್ತಿದೆ." ಆಮೇಲೆ ಅವರೇ ಗಾಬರಿಯಾಗಿ, "ಇದನ್ನೇ ಹಾಕೋಣ, ಯಾರಿಗೂ ಗೊತ್ತಾಗಲ್ಲ" ಎಂದರು.

ಯಾರಿಗೂ ಗೊತ್ತಾಗುವುದಿಲ್ಲ, ನಿಜ. ನನಗೇ ಗೊತ್ತಾಗಿರಲಿಲ್ಲವಲ್ಲ.

ಕೋಣೆಗೆ ವಾಪಸು ಬಂದರೆ ಮೇಜಿನ ಮೇಲೆ ಒಂದು ಪೆನ್‌ಡ್ರೈವ್. ಪಕ್ಕದಲ್ಲಿ ಬೆಕ್ಕಪ್ಪನ ಅಕ್ಷರ: "ಪೂರ್ತಿ ಹನ್ನೊಂದು ನಿಮಿಷ. ಇದರ ಪ್ರತಿ ನನ್ನ ಹತ್ತಿರ ಇನ್ನಿಲ್ಲ."

ಜೇಬಿಗೆ ಹಾಕಿಕೊಂಡೆ. ಗೋಡೆಯಾಚೆ ಅವನಿದ್ದನೋ ಇಲ್ಲವೋ ಕೇಳಿಸಲಿಲ್ಲ.

ಫೆಬ್ರವರಿ 23, ಭಾನುವಾರ

ಬೆಳಿಗ್ಗೆ ಹನ್ನೊಂದಕ್ಕೆ ಮಗಳನ್ನು ಕರೆದೆ. "ಒಬ್ನೇ ಕೇಳೋಕೆ ಆಗ್ತಿಲ್ಲ" ಎಂದೆ. ಒಲೆ ಆರಿಸಿ ಬಂದಳು. ಅವಳ ಅಮ್ಮನ ಕೋಣೆಯಲ್ಲಿ, ಮಂಚದ ಮೇಲೆಯೇ ಕೂತೆವು. ಕಿಟಕಿ ಮುಚ್ಚಿದೆವು, ಸ್ಪೀಕರಿನಲ್ಲಿ ಹಾಕಿದೆವು.

ಮೊದಲು ಬೆಕ್ಕಪ್ಪನ ದನಿ: "ಅತ್ತಿಗೆ, ಸುಮ್ನೆ ಉಸಿರಾಡಿ, ಸಾಕು."

ಅವಳು: "ಸುಮ್ನೆ ಉಸಿರಾಡೋಕೆ ಬಂದಿದ್ರೆ ನೀನ್ಯಾಕಪ್ಪ ಬರ್ತಿದ್ದೆ?"

ಮೂವರೂ ನಗುತ್ತಾರೆ. ಅವಳ ನಗು ಕೆಮ್ಮಾಗುತ್ತದೆ. ಮಗಳು ನೀರು ಕೊಡುವ ಸದ್ದು, ಲೋಟ ಹಲ್ಲಿಗೆ ತಾಗುವ ಸದ್ದು. ಆ ಮನೆಯಲ್ಲಿ ನಗು ಇತ್ತು ಎನ್ನುವುದು ನನಗೆ ತಿಳಿದಿರಲಿಲ್ಲ. ನಾನಿಲ್ಲದ ಹೊತ್ತಿನಲ್ಲಿ ಇರುತ್ತಿತ್ತು.

ಆಮೇಲೆ ಉಸಿರು. ಹಿಂದೆ ಆಮ್ಲಜನಕದ ಯಂತ್ರದ ಗುರುಗುಟ್ಟುವಿಕೆ. ಐದು ನಿಮಿಷ, ಆರು ನಿಮಿಷ. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು, ಅಥವಾ ನಾನು ಅವಳದನ್ನು.

ಎಂಟನೆಯ ನಿಮಿಷದಲ್ಲಿ ಹೊರಬಾಗಿಲಿನ ಬೀಗ ತಿರುಗುತ್ತದೆ. ಹೆಜ್ಜೆಗಳು. ಯಾರ ಹೆಜ್ಜೆ ಎಂದು ಹೇಳುವುದೇ ನನ್ನ ಕಸುಬು. ಎಡಗಾಲು ತುಸು ಎಳೆಯುತ್ತದೆ, ಬಲಕ್ಕೆ ಭಾರ ಜಾಸ್ತಿ. ನಾನು. ಆ ದಿನ ಏನೋ ಮರೆತು ಬಂದಿದ್ದಿರಬೇಕು, ಏನೆಂದು ನೆನಪಾಗುತ್ತಿಲ್ಲ. ಬಾಗಿಲಲ್ಲಿ ಬೆಕ್ಕಪ್ಪನ ಚಪ್ಪಲಿ ಇದ್ದಿರಲೇಬೇಕು. ನೋಡಿಲ್ಲ.

ಹೆಜ್ಜೆಗಳು ಕೋಣೆಯ ಹತ್ತಿರ ಬರುತ್ತವೆ. ಅವು ಹತ್ತಿರವಾದಂತೆ ಅವಳ ಉಸಿರು ಸಣ್ಣಗಾಗುತ್ತದೆ. ಇನ್ನೂ ಸಣ್ಣಗಾಗುತ್ತದೆ. ನಿಂತೇಹೋಗುತ್ತದೆ.

ಹೆಜ್ಜೆಯೂ ನಿಂತಿದೆ. ಬಾಗಿಲಿನಾಚೆ ನಾನು, ಈಚೆ ಅವಳು.

ನನ್ನ ದನಿ: "ಮಲಗಿದ್ದಾಳಾ?"

ಮಗಳ ದನಿ, ಪಿಸುಮಾತಿನಲ್ಲಿ: "ಹ್ಞೂಂ."

ಎಣಿಸಿದೆ. ಒಂಬತ್ತು ಸೆಕೆಂಡು. ಒಂಬತ್ತು ಸೆಕೆಂಡು ನಾನಲ್ಲಿ ನಿಂತಿದ್ದೆ. ಬಾಗಿಲು ತೆರೆಯಲಿಲ್ಲ. ಆ ಕಾಯಿಲೆಯಲ್ಲಿ ಒಂಬತ್ತು ಸೆಕೆಂಡು ಉಸಿರು ಕಟ್ಟುವುದೆಂದರೆ ಏನೆಂದು ವೈದ್ಯರು ನನಗೆ ವಿವರಿಸಿದ್ದರು.

ಹೆಜ್ಜೆಗಳು ದೂರವಾಗುತ್ತವೆ, ಹೊರಬಾಗಿಲು ಹಾಕಿಕೊಳ್ಳುತ್ತದೆ. ಅವಳು ಉಸಿರು ಬಿಡುತ್ತಾಳೆ. ಉದ್ದಕ್ಕೆ, ನಡುಗುತ್ತಾ, ಮನೆಯೇ ಖಾಲಿಯಾಗುವ ಹಾಗೆ. ಅಲ್ಲಿಂದ ಒಂದು ನಿಮಿಷ ಹತ್ತು ಸೆಕೆಂಡು.

ಕಂತಿನಲ್ಲಿರುವುದು ಅದೇ.

"ದಿನಾ ಹಾಗೇ ಮಾಡ್ತಿದ್ಲು" ಎಂದಳು ಮಗಳು. "ನೀವು ಬಂದ ಸದ್ದಾದ್ರೆ ಉಸಿರು ಹಿಡೀತಿದ್ಲು. ಪಾಪ, ಅವರು ಕೇಳಿಸ್ಕೊಂಡ್ರೆ ಹೆದರ್ತಾರೆ ಅಂತಿದ್ಲು."

ನಾನು ಅವಳಿಗೆ ಮೋಸ ಮಾಡಿದೆನೋ ಅವಳು ನನಗೆ ಮಾಡಿದಳೋ ಬಗೆಹರಿಯುತ್ತಿಲ್ಲ. ಬಾಗಿಲು ತೆರೆದಿದ್ದರೆ ಉಸಿರು ಹಿಡಿಯುವ ಕೆಲಸ ಅವಳಿಗಿರುತ್ತಿರಲಿಲ್ಲ. ಹೆದರಿದರೆ ಹೆದರಲಿ ಎಂದು ಅವಳು ಬಿಟ್ಟಿದ್ದರೆ ಬಾಗಿಲು ತೆರೆಯುತ್ತಿದ್ದೆನೇನೋ. ತೆರೆಯುತ್ತಿರಲಿಲ್ಲ. ಸುಳ್ಳು ಬರೆಯಲು ಇಲ್ಲಿ ಯಾರಿದ್ದಾರೆ?

ಅಡುಗೆ ಮಾಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಸಂಜೆಯವರೆಗೆ ಅವಳ ಅಮ್ಮನ ಬಗ್ಗೆ ಕೇಳಿದೆ. ಮಗಳು ಹೇಳಿದಳು. ಆ ಕೊನೆಯ ನಾಲ್ಕು ತಿಂಗಳಲ್ಲಿ ಅವಳು ಏನು ತಿನ್ನುತ್ತಿದ್ದಳು, ಯಾವುದಕ್ಕೆ ರೇಗುತ್ತಿದ್ದಳು, ಕಿಟಕಿಯಿಂದ ಎದುರುಮನೆಯ ದರ್ಜಿಯ ಜಗಳ ಕೇಳಿ ಹೇಗೆ ಅಣಕಿಸುತ್ತಿದ್ದಳು. ನನಗೆ ಯಾವುದೂ ಗೊತ್ತಿರಲಿಲ್ಲ.

ಫೆಬ್ರವರಿ 25, ಮಂಗಳವಾರ

ನಿರ್ದೇಶಕಿಗೆ ಹೇಳಿದೆ, ಇರುವುದೇ ಇರಲಿ ಎಂದು. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅವಳ ಹೆಸರೂ ಬರಬೇಕು ಎಂದೆ. ಏನೆಂದು ಹಾಕೋಣ ಎಂದರು. "ಕಲ್ಲುಹಕ್ಕಿ ಅಂತ ಹಾಕಿ" ಎಂದೆ. ಬರೆದುಕೊಂಡರು.

ಕಾರಿಡಾರಿನಲ್ಲಿ ಬೆಕ್ಕಪ್ಪ ಎದುರಾದ. ದಾಟಿ ಹೋಗಬೇಕೆಂದಿದ್ದೆ, ಆಗಲಿಲ್ಲ.

"ಕ್ಷಮಿಸ್ದೆ ಅನ್ಕೋಬೇಡ" ಎಂದೆ.

"ಅನ್ಕೊಂಡಿಲ್ಲ ಅಣ್ಣ."

"ಅವಳು ಹೇಳಿದ್ದಕ್ಕೆ ರೆಕಾರ್ಡ್ ಮಾಡ್ದೆ, ಸರಿ. ಆದ್ರೆ ಆ ತುಣುಕನ್ನೇ ಯಾಕೆ ಆರಿಸ್ದೆ? ಹನ್ನೊಂದು ನಿಮಿಷದಲ್ಲಿ ಬೇರೆ ಸಿಗ್ಲಿಲ್ವಾ?"

ಅವನು ಗೋಡೆ ನೋಡಿದ. "ನಾನೂ ಒಳಗಿದ್ದೆ ಅಣ್ಣ, ಮಂಚದ ಪಕ್ಕದಲ್ಲಿ. ನೀವು ಹೊರಗೆ ನಿಂತಾಗ ನಾನು ಎದ್ದು ಬಾಗಿಲು ತೆಗೀಬಹುದಿತ್ತು. ಅವರು ಕೈ ಅಡ್ಡ ಮಾಡಿದ್ರು. ಕೂತೆ."

ಅದನ್ನೂ ಹೊತ್ತುಕೊಂಡು ತಿರುಗುತ್ತಿದ್ದಾನೆ ಎಂದಾಯಿತು. ತಿರುಗಲಿ. ಇಬ್ಬರೂ ನಮ್ಮ ನಮ್ಮ ಕೋಣೆಗಳಿಗೆ ಹೋದೆವು.

ಪ್ರಚಾರದ ಹುಡುಗಿಗೆ ಪಟ್ಟಿ ನಾಲ್ಕು ಗಂಟೆಯೊಳಗೆ ಬೇಕಿತ್ತು. ಐದನೆಯದನ್ನು ಹೊಡೆದುಹಾಕಿ ಹೊಸದಾಗಿ ಬರೆದೆ. ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಅಂಗಡಿಯಲ್ಲಿ ಯಾರೋ ಗಿರಾಕಿಯನ್ನು ಕಾಯಿಸಿ ಕೇಳಿದಳು. ಸರಿಯಿದೆ ಎಂದಳು. ಆಮೇಲೆ ಹುಡುಗಿಗೆ ಕೊಟ್ಟೆ:

"ಕಲ್ಲುಹಕ್ಕಿಯ ಕೊನೆಯ ಉಸಿರು ಯಾವ ಯಂತ್ರದ್ದೂ ಅಲ್ಲ. ಈ ಸರಣಿಗೆ ಸದ್ದು ಮಾಡುವವನ ಹೆಂಡತಿ ತಾನಾಗಿಯೇ ಕೊಟ್ಟುಹೋದದ್ದು. ಕಂತನ್ನು ಏಳು ಸಲ ಕೇಳಿದರೂ ಅವನಿಗೆ ಗುರುತು ಸಿಗಲಿಲ್ಲ."

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಮೂಗು ಒರೆಸಿಕೊಂಡು, ಕೆಲಸದ ದನಿಯನ್ನು ಕಷ್ಟಪಟ್ಟು ಹುಡುಕಿಕೊಂಡು ಕೇಳಿದಳು: "ಸರ್... ಉಳಿದವೆಲ್ಲ ಎರಡೆರಡು ಸಾಲು ಇದಾವೆ. ಇದು ಸ್ವಲ್ಪ ಉದ್ದ ಆಯ್ತು. ಕೊನೇ ಸಾಲು ತೆಗೀಲಾ?"

"ಉದ್ದ ಆದ್ರೆ ಮೊದಲ್ನೇ ಸಾಲು ತೆಗಿ ತಾಯಿ" ಎಂದೆ. "ಕೊನೇದು ಇರಲಿ."